ಬಕೆಟ್ಟಿನ ಮುಂದೆ ನಾಲ್ಕು ನಿಮಿಷ

ಗ್ಯಾಲರಿಯ ಮೂಲೆಯಲ್ಲೊಂದು ನೀಲಿ ಬಕೆಟ್ ಇತ್ತು. ತಳದಲ್ಲಿ ಎರಡು ಬೆರಳಿನಷ್ಟು ನೀರು. ಆಗಾಗ ಮೇಲಿಂದ ಒಂದು ಹನಿ ಬಿದ್ದು ಟಪ್ಪೆನ್ನುತ್ತಿತ್ತು. ಗೋಡೆಗಳ ತುಂಬ ಬತ್ತಿದ ಕೆರೆಗಳ ಫೋಟೋಗಳು, ಒಂದೊಂದೂ ಬಾಗಿಲಿನಷ್ಟು ದೊಡ್ಡವು. ಆಹಾ, ಅಂದುಕೊಂಡೆ. ಅಲ್ಲಿ ಬಿರುಕುಬಿಟ್ಟ ಕೆರೆಯಂಗಳ, ಇಲ್ಲಿ ಎಣಿಸಿಕೊಂಡು ಬೀಳುವ ಹನಿ. ಎಷ್ಟು ಕಡಿಮೆಯಲ್ಲಿ ಎಷ್ಟು ಹೇಳಿದ್ದಾರೆ! ಬಕೆಟ್ಟಿಗೊಂದು ಸುತ್ತು ಬಂದೆ. ಬಗ್ಗಿ ನೋಡಿದೆ. ನೀರೊಳಗಿನ ದೀಪದ ಬಿಂಬ ಪ್ರತಿ ಹನಿಗೂ ಚೂರುಚೂರಾಗಿ, ಮತ್ತೆ ನಿಧಾನಕ್ಕೆ ಕೂಡಿಕೊಳ್ಳುತ್ತಿತ್ತು. ಪೂರ್ತಿ ಕೂಡಿಕೊಂಡಿತು ಅನ್ನುವಷ್ಟರಲ್ಲಿ ಇನ್ನೊಂದು ಹನಿ. ಕೃತಿಯ ಹೆಸರು ಬರೆದ ಚೀಟಿಗಾಗಿ ಗೋಡೆಯ ಮೇಲೆ ಹುಡುಕುತ್ತಿದ್ದಾಗ ಗ್ಯಾಲರಿಯ ಹುಡುಗನೊಬ್ಬ ಬಂದು ಬಕೆಟ್ ಎತ್ತಿಕೊಂಡು ಹೋದ. ನೀರು ಚೆಲ್ಲಿ ತಂದು ಅದೇ ಜಾಗದಲ್ಲಿಟ್ಟು, "ಮೇಲ್ಗಡೆ ಸೋರ್ತಾ ಇದೆ ಮೇಡಂ. ಹುಷಾರು, ಜಾರುತ್ತೆ" ಅಂದ.

ನಗು ಬಂತು, ನಾಚಿಕೆಯೂ ಆಯಿತು. ಸುತ್ತ ಯಾರಾದರೂ ನೋಡಿದರೇನೋ ಎಂದು ಕಣ್ಣಾಡಿಸಿದೆ. ವಾಪಸ್ ಹೋಗುವ ದಾರಿಯಲ್ಲಿ ಇನ್ನೊಂದು ಸಂಗತಿ ಹೊಳೆಯಿತು. ಆವತ್ತು ಗೋಡೆಯ ಮೇಲಿದ್ದ ಇಪ್ಪತ್ತು ಚಿಲ್ಲರೆ ಫೋಟೋಗಳಲ್ಲಿ ಯಾವೊಂದರ ಮುಂದೆಯೂ ನಾನು ನಾಲ್ಕು ನಿಮಿಷ ನಿಂತಿರಲಿಲ್ಲ.

ನನ್ನ ಈ ಪೆದ್ದುತನಕ್ಕೆ ಸರಿಜೋಡಿಯಾದ ಒಂದು ಘಟನೆ ಜರ್ಮನಿಯಲ್ಲಿ ನಡೆದಿದೆ. 2011ರಲ್ಲಿ ಡಾರ್ಟ್‌ಮಂಡ್‌ನ ಓಸ್ಟ್‌ವಾಲ್ ಮ್ಯೂಸಿಯಂನಲ್ಲಿ ಮಾರ್ಟಿನ್ ಕಿಪ್ಪೆನ್‌ಬರ್ಗರ್ ಅವರ ಕೃತಿಯೊಂದು ಪ್ರದರ್ಶನಕ್ಕಿತ್ತು. ಮರದ ಪಟ್ಟಿಗಳನ್ನು ಜೋಡಿಸಿದ ಎತ್ತರದ ಗೋಪುರ, ಅದರ ಅಡಿಯಲ್ಲಿ ರಬ್ಬರಿನ ತೊಟ್ಟಿ, ತೊಟ್ಟಿಯೊಳಗೆ ಮಳೆನೀರು ಒಣಗಿ ಉಳಿದ ಕಲೆಯಂತೆ ಕಾಣುವ ಬಣ್ಣದ ಪದರ. ಕೃತಿಯ ಹೆಸರಿನ ಅರ್ಥವೇ 'ಸೂರು ಸೋರಲು ಶುರುವಾದಾಗ' ಎಂದು. ಸ್ವಚ್ಛತಾ ಕೆಲಸದಾಕೆ ಆ ಕಲೆಯನ್ನು ಕೊಳೆ ಅಂದುಕೊಂಡು ತಿಕ್ಕಿ ತಿಕ್ಕಿ ತೊಳೆದುಬಿಟ್ಟರು. ಎಂಟು ಲಕ್ಷ ಯೂರೊ ಬೆಲೆಯ ಕೃತಿ! ಸುದ್ದಿ ಓದಿ ಜಗತ್ತೆಲ್ಲ ನಕ್ಕಿತು. ನನಗೆ ಮಾತ್ರ ಆಕೆಯ ಮೇಲೆ ಗೌರವ. ಆ ಕೃತಿಯನ್ನು ಅಷ್ಟು ಹತ್ತಿರದಿಂದ, ಮೂಲೆಮೂಲೆ ಬಿಡದೆ ನೋಡಿದವರು ಆ ವರ್ಷ ಇನ್ನೆಷ್ಟು ಜನ ಇದ್ದಾರು? ನಾನು ಸೋರುವ ಸೂರನ್ನು ಕಲೆ ಅಂದುಕೊಂಡೆ, ಆಕೆ ಕಲೆಯನ್ನು ಸೋರುವ ಸೂರು ಅಂದುಕೊಂಡರು. ಇಬ್ಬರಲ್ಲಿ ಕಲಾವಿದನ ಮಾತನ್ನು ಪೂರ್ತಿಯಾಗಿ ನಂಬಿದ್ದು ಆಕೆಯೇ.

ಸಮಕಾಲೀನ ಕಲಾಪ್ರದರ್ಶನಗಳಿಗೆ ಹೋಗುವ ಚಟ ನನಗೆ ಅಂಟಿ ಬಹಳ ವರ್ಷಗಳಾದವು. ನಾನು ಕಲಾವಿದೆಯಲ್ಲ, ವಿಮರ್ಶಕಿಯಲ್ಲ, ಕೊಳ್ಳುವಷ್ಟು ದುಡ್ಡಂತೂ ಇಲ್ಲ. ಮೊದಮೊದಲು ಒಳಗೆ ಕಾಲಿಟ್ಟರೆ ಪರೀಕ್ಷೆಯ ಹಾಲಿಗೆ ಬಂದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಆ ಬಿಳೀ ಗೋಡೆ, ಹೆಜ್ಜೆಯ ಸದ್ದು ಕೇಳುವ ನೆಲ, ಮೇಜಿನ ಹಿಂದೆ ಕೂತು ತಲೆಯೆತ್ತದ ಹುಡುಗಿ. ಅರ್ಥವಾಗದಿದ್ದರೆ ತಪ್ಪು ನನ್ನದೇ. ಅದಕ್ಕೇ ಮೊದಲು ಚೀಟಿ ಓದುತ್ತಿದ್ದೆ, ಆಮೇಲೆ ಕತ್ತೆತ್ತಿ ಕೃತಿಯಲ್ಲಿ ಚೀಟಿ ಹೇಳಿದ್ದು ಇದೆಯೋ ಇಲ್ಲವೋ ಎಂದು ತಾಳೆ ನೋಡುತ್ತಿದ್ದೆ. ಇದ್ದರೆ ಟಿಕ್, ಮುಂದಕ್ಕೆ. ಕೆಲವು ವರ್ಷ ಕಳೆದ ಮೇಲೆ ಇದರ ಉಲ್ಟಾ ಕಾಲ ಬಂತು: ಇದೆಲ್ಲ ಮೋಸ, ಅರಸನ ಹೊಸ ಬಟ್ಟೆ, ಅಂತ. ಆಗಲೂ ಹೋಗುವುದನ್ನು ಬಿಡಲಿಲ್ಲ, ಬೈಯುವುದಕ್ಕಾದರೂ ಹೋಗುತ್ತಿದ್ದೆ. ಎರಡೂ ಕಾಲದಲ್ಲಿ ನಾನು ಒಂದೇ ಕೆಲಸ ಮಾಡುತ್ತಿದ್ದೆ, ಅಂದರೆ ಬೇಗಬೇಗ ತೀರ್ಪು ಕೊಟ್ಟು ಹೊರಡುತ್ತಿದ್ದೆ.

ಚೀಟಿಗಳ ಬಗ್ಗೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. 'ಈ ಕೃತಿಯು ದೇಹ ಮತ್ತು ಸ್ಮೃತಿಗಳ ನಡುವಣ ಅವಕಾಶವನ್ನು ಪ್ರಶ್ನಿಸುತ್ತದೆ' ಎಂದಿರುತ್ತದೆ. ಎದುರಿಗಿರುವುದು ಮೂರು ಇಟ್ಟಿಗೆ. ಪಾಪ, ಇಟ್ಟಿಗೆಗಳು ಯಾರನ್ನೂ ಪ್ರಶ್ನಿಸುತ್ತಿರುವುದಿಲ್ಲ. ಅವುಗಳಲ್ಲೊಂದರ ಅಂಚು ಮುರಿದಿರುತ್ತದೆ, ಒಳಗಿನ ಕೆಂಪು ಹೊರಗಿನ ಕೆಂಪಿಗಿಂತ ಹಸಿಯಾಗಿರುತ್ತದೆ. ಅದನ್ನು ಯಾವ ಚೀಟಿಯೂ ಹೇಳುವುದಿಲ್ಲ. ಚೀಟಿಯಲ್ಲಿ ನನಗೆ ಇಷ್ಟವಾಗುವುದು ಕೆಳಗಿನ ಸಾಲು: ಯಾವುದರಿಂದ ಮಾಡಿದ್ದು, ಯಾವ ವರ್ಷ, ಎಷ್ಟು ಅಳತೆ. 'ಕಬ್ಬಿಣದ ಪುಡಿ, ಜೇನುಮೇಣ, ಹಳೆಯ ಹೊದಿಕೆ.' ಅಷ್ಟು ಸಾಕು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ, ಜನ ಹೆಸರಾಂತ ಕೃತಿಗಳ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಗಡಿಯಾರ ಹಿಡಿದು ಲೆಕ್ಕ ಹಾಕಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸರಾಸರಿ 27 ಸೆಕೆಂಡು. ಅದೂ ಒಂದಿಬ್ಬರು ಬಹಳ ಹೊತ್ತು ನಿಂತಿದ್ದರಿಂದ ಮೇಲೇರಿದ ಸರಾಸರಿ. ಅರ್ಧದಷ್ಟು ಸಲ ನೋಟ 17 ಸೆಕೆಂಡಿನೊಳಗೇ ಮುಗಿದಿತ್ತು. ಇದನ್ನು ಓದಿದಾಗ ನನ್ನ ಬಕೆಟ್ ನೆನಪಾಯಿತು. ನಾಲ್ಕು ನಿಮಿಷ ಅಂದರೆ 240 ಸೆಕೆಂಡು. ಕಲೆ ಅಲ್ಲದ್ದನ್ನು ನಾನು ಕಲೆಯ ಒಂಬತ್ತು ಪಟ್ಟು ಹೊತ್ತು ನೋಡಿದ್ದೆ. ಅದು ಬೋರಾಗಲೂ ಇಲ್ಲ.

ಅಲ್ಲಿಂದ ಒಂದು ಪದ್ಧತಿ ಇಟ್ಟುಕೊಂಡೆ. ಯಾವ ಪ್ರದರ್ಶನಕ್ಕೇ ಹೋಗಲಿ, ಇಡೀ ಕೋಣೆಯನ್ನು ಒಂದು ಸಲ ಸುಮ್ಮನೆ ಸುತ್ತಿ, ಒಂದೇ ಒಂದು ಕೃತಿಯ ಮುಂದೆ ಇಪ್ಪತ್ತು ನಿಮಿಷ. ಮಿಕ್ಕವರಿಗೆ ನಮಸ್ಕಾರ. ಇಪ್ಪತ್ತು ನಿಮಿಷ ಎಷ್ಟು ಉದ್ದವೆಂದು ಸುಮ್ಮನೆ ನಿಂತವರಿಗೇ ಗೊತ್ತು. ಮೊದಲ ಎರಡು ನಿಮಿಷ ಉತ್ಸಾಹ. ಮೂರನೆಯದಕ್ಕೆ ಕಣ್ಣು ತಾನಾಗಿ ಪಕ್ಕದ ಕೃತಿಗೆ ಜಾರುತ್ತದೆ. ಐದಕ್ಕೆ ಕಾಲು, ಸೊಂಟ, ಫೋನು, ಉತ್ತರಿಸದೆ ಬಿಟ್ಟ ಮೆಸೇಜು ಎಲ್ಲ ನೆನಪಿಗೆ ಬರುತ್ತವೆ. ಎಂಟೊಂಬತ್ತರ ಹೊತ್ತಿಗೆ ಬೇಸರ ಎಷ್ಟು ದಟ್ಟವಾಗುತ್ತದೆಂದರೆ, ಕೃತಿಯ ಮೇಲೆ ಕೋಪವೇ ಬರುತ್ತದೆ. ಅದನ್ನು ದಾಟಿದರೆ, ಕೆಲವು ಸಲ ಮಾತ್ರ, ಏನೋ ಸಡಿಲವಾಗುತ್ತದೆ. ಹೇಳಿಕೊಳ್ಳುವಂಥ ದರ್ಶನವೇನಲ್ಲ. ಇಷ್ಟು ಹೊತ್ತು ಹಿನ್ನೆಲೆ ಅಂದುಕೊಂಡಿದ್ದು ಮುಂದೆ ಬರುತ್ತದೆ, ಅಷ್ಟೆ.

ಕೆಲವು ಕೃತಿಗಳು ಇಪ್ಪತ್ತು ನಿಮಿಷ ಕೊಟ್ಟರೂ ಅಷ್ಟೇ ತೆಳ್ಳಗಿರುತ್ತವೆ ಅನ್ನುವುದೂ ನಿಜ. ನಿಯಾನ್ ದೀಪದಲ್ಲಿ ಬರೆದ ಚುರುಕು ವಾಕ್ಯಗಳು ನನ್ನ ಪಾಲಿಗೆ ಹಾಗೆ. ಓದಿದೊಡನೆ ಮುಗಿಯಿತು, ಇನ್ನು ಕಣ್ಣುನೋವು ಮಾತ್ರ. 2019ರಲ್ಲಿ ಮಯಾಮಿಯ ಕಲಾಮೇಳದಲ್ಲಿ ಮೌರಿಜಿಯೊ ಕಟ್ಟೆಲಾನ್ ಗೋಡೆಗೆ ಟೇಪಿನಿಂದ ಅಂಟಿಸಿದ ಬಾಳೆಹಣ್ಣು 1,20,000 ಡಾಲರಿಗೆ ಹೋಯಿತಲ್ಲ, ಅದರ ಬಗ್ಗೆಯೂ ಎಲ್ಲರೂ ನನ್ನನ್ನೇ ಕೇಳುತ್ತಾರೆ, ನಾನೇ ಮಾರಿದವಳ ಹಾಗೆ. ಕೊಂಡವರಿಗೆ ಸಿಗುವುದು ಹಣ್ಣಲ್ಲ, ಒಂದು ಪ್ರಮಾಣಪತ್ರ ಮತ್ತು ಅಂಟಿಸುವ ವಿಧಾನ. ಒಳ್ಳೆಯ ಜೋಕು. ಜೋಕನ್ನು ಎರಡನೇ ಸಲ ಕೇಳಿದರೆ ಏನಾಗುತ್ತದೋ ಅದೇ ಇದಕ್ಕೂ ಆಗುತ್ತದೆ.

ನನ್ನ ಪದ್ಧತಿಗೆ ನಿಜವಾದ ಗುರು ಸಿಕ್ಕಿದ್ದು ಇನ್ನೊಂದು ಗ್ಯಾಲರಿಯಲ್ಲಿ. ಅಲ್ಲೊಂದು ಕತ್ತಲೆ ಕತ್ತಲೆಯ ಕೋಣೆ. ಕಾಗದದ ಕೃತಿಗಳಿಗೆ ಬೆಳಕು ವಿಷ ಇದ್ದಂತೆ, ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ದಾಟಿಸುವುದಿಲ್ಲ. ಒಳಗೆ ಹೋದ ಮೇಲೆ ಕಣ್ಣು ಹೊಂದಿಕೊಳ್ಳುವುದಕ್ಕೇ ಒಂದೆರಡು ನಿಮಿಷ ಬೇಕು. ಬಂದವರಲ್ಲಿ ಮುಕ್ಕಾಲು ಪಾಲು ಜನ ಅಷ್ಟರೊಳಗೆ ಹೊರಟುಹೋಗಿರುತ್ತಾರೆ. ಗೋಡೆಯ ಮೇಲೆ ದೊಡ್ಡದೊಂದು ಬಿಳಿ ಹಾಳೆ. ಚೌಕಟ್ಟು ಬಿಟ್ಟರೆ ಏನೂ ಇಲ್ಲ. ಸಮೀಪ ಹೋದರೆ ಸೂಜಿಯಿಂದ ಚುಚ್ಚಿದ ಸಾವಿರಾರು ತೂತುಗಳು, ಸಾಲುಸಾಲಾಗಿ. ಸರಿ, ತಾಳ್ಮೆಯ ಕೆಲಸ ಅಂದುಕೊಂಡು ಎದುರಿಗೆ ನಿಂತೆ. ಹತ್ತು ನಿಮಿಷ ಆಯಿತು. ಏನೂ ಸಡಿಲವಾಗಲಿಲ್ಲ.

ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಸೆಕ್ಯುರಿಟಿಯವರು ಎದ್ದು ಬಂದರು. ವಯಸ್ಸಾದವರು. ತೀರಾ ಹತ್ತಿರ ಹೋಗಿಬಿಟ್ಟೆನೇನೋ, ಗದರಲು ಬಂದರು ಅಂದುಕೊಂಡೆ.

"ಅಲ್ಲಿಂದ ಕಾಣಲ್ಲ ಮೇಡಂ. ನನ್ನ ಕುರ್ಚಿಯಲ್ಲಿ ಕೂತ್ಕೊಂಡು ನೋಡಿ."

ಕೂತೆ. ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿಗೆ ಪ್ರತಿ ತೂತಿನ ಅಂಚೂ ಒಂದು ಪುಟ್ಟ ನೆರಳು ಹಾಕುತ್ತಿತ್ತು. ಆ ನೆರಳುಗಳೆಲ್ಲ ಸೇರಿ ಹಾಳೆಯ ಉದ್ದಕ್ಕೂ ಒಂದು ಅಲೆ ಎದ್ದಿತ್ತು. ಎದುರಿಗೆ ಬಟಾಬಯಲಾಗಿದ್ದ ಕಾಗದ ಇಲ್ಲಿಂದ ನೋಡಿದರೆ ಗಾಳಿಗೆ ಬಗ್ಗಿದ ಹುಲ್ಲುಗಾವಲು.

"ಮೂರು ವಾರದಿಂದ ನೋಡ್ತಾ ಇದೀನಿ" ಅಂದರು ಅವರು. "ಒಂದು ಸಾಲಲ್ಲಿ ಇನ್ನೂರ ಹದಿನಾಲ್ಕು ತೂತು. ಮೇಲಿಂದ ಹನ್ನೊಂದನೇ ಸಾಲಲ್ಲಿ ಮಾತ್ರ ಒಂದು ಕಮ್ಮಿ ಇದೆ. ಬೇಕು ಅಂತ ಬಿಟ್ರೋ, ಮರೆತರೋ."

ಎಣಿಸಲು ಹೋದೆ. ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು. ಮತ್ತೆ ಶುರು ಮಾಡಿದೆ, ಮತ್ತೆ ತಪ್ಪಿತು. ಅವರು ನಕ್ಕರು. "ಎರಡು ದಿನ ಬೇಕು ಮೇಡಂ ಅದಕ್ಕೆ." ಕಲಾವಿದೆಗೆ ಇದನ್ನು ಹೇಳಿದ್ದೀರಾ ಎಂದು ಕೇಳಿದೆ. ಆಕೆ ಉದ್ಘಾಟನೆಯ ದಿನ ಮಾತ್ರ ಬಂದಿದ್ದರಂತೆ, ತುಂಬ ಜನ ಇದ್ದರಂತೆ. ಉದ್ಘಾಟನೆಯ ಸಂಜೆ ಯಾರು ಯಾರ ಕೃತಿ ನೋಡುತ್ತಾರೆ ಹೇಳಿ, ಎಲ್ಲರೂ ಗೋಡೆಗೆ ಬೆನ್ನು ಹಾಕಿ ಒಬ್ಬರನ್ನೊಬ್ಬರು ನೋಡುತ್ತಿರುತ್ತಾರೆ.

ಕಾವಲಿಗೆ ಕೂತವರಿಗಿಂತ ಹೆಚ್ಚು ಹೊತ್ತು ಕಲಾಕೃತಿಯ ಜೊತೆ ಇರುವವರು ಯಾರೂ ಇಲ್ಲ, ಪ್ರದರ್ಶನವನ್ನು ರೂಪಿಸುವ ಕ್ಯುರೇಟರ್ ಕೂಡ. ಅಮೆರಿಕದ ಬಾಲ್ಟಿಮೋರ್ ಮ್ಯೂಸಿಯಂ ಆಫ್ ಆರ್ಟ್ 2022ರಲ್ಲಿ ಇದನ್ನೇ ಹಿಡಿದುಕೊಂಡು ಒಂದು ಪ್ರದರ್ಶನ ಮಾಡಿತು. ಅಲ್ಲಿನ 17 ಮಂದಿ ಕಾವಲು ಸಿಬ್ಬಂದಿಯೇ ಸಂಗ್ರಹದಿಂದ ಕೃತಿಗಳನ್ನು ಆರಿಸಿ, ಜೋಡಿಸಿದರು. ನಾನು ಹೋಗಿ ನೋಡಿದ್ದಲ್ಲ, ಓದಿ ತಿಳಿದದ್ದು. ಓದಿದ ಕೂಡಲೇ ನನ್ನ ಕಣ್ಣಿಗೆ ಕಟ್ಟಿದ್ದು ಆ ಪ್ಲಾಸ್ಟಿಕ್ ಕುರ್ಚಿ.

ನಾನು ನಿಂತು ನೋಡುವ ಹೊತ್ತನ್ನೇ ದೊಡ್ಡದು ಮಾಡಿ ಹೇಳುತ್ತಿದ್ದೇನೆ, ಮಾಡಿದವರ ಹೊತ್ತಿನ ಮುಂದೆ ಅದು ಯಾವ ಲೆಕ್ಕ? ಕಲಾವಿದ ತೇಹ್‌ಚಿಂಗ್ ಶೇ 1980ರ ಏಪ್ರಿಲ್‌ನಿಂದ ಒಂದು ವರ್ಷ, ಹಗಲೂ ರಾತ್ರಿ, ಗಂಟೆಗೊಮ್ಮೆ ಕಾರ್ಖಾನೆಯ ಹಾಜರಿ ಗಡಿಯಾರದಲ್ಲಿ ಕಾರ್ಡ್ ಪಂಚ್ ಮಾಡಿದರು. ವರ್ಷಕ್ಕೆ 8,760 ಗಂಟೆ, ತಪ್ಪಿದ್ದು 133. ಆ ತಪ್ಪಿದವುಗಳನ್ನೂ ಕಾರಣದ ಸಮೇತ ದಾಖಲೆ ಮಾಡಿಟ್ಟರು, ಬಹುಪಾಲು ನಿದ್ದೆ. ಆನ್ ಕವಾರಾ 1966ರ ಜನವರಿ 4ರಿಂದ ಆ ದಿನದ ತಾರೀಖನ್ನೇ ಚಿತ್ರವಾಗಿ ಬರೆಯಲು ಶುರು ಮಾಡಿ, ಸುಮಾರು ಅರ್ಧ ಶತಮಾನ ಅದನ್ನೇ ಮಾಡಿದರು. ಅವತ್ತಿನ ಚಿತ್ರ ಅವತ್ತು ಮಧ್ಯರಾತ್ರಿಯೊಳಗೆ ಮುಗಿಯದಿದ್ದರೆ ನಾಶ ಮಾಡಿಬಿಡುವುದು. ತಾರೀಖನ್ನು ತಾವಿದ್ದ ದೇಶದ ಭಾಷೆಯಲ್ಲಿ ಬರೆಯುತ್ತಿದ್ದರು. ಆ ದೇಶದ ಲಿಪಿ ರೋಮನ್ ಅಲ್ಲದಿದ್ದರೆ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ. (ಅಂದರೆ ನಮಗೂ ಎಸ್ಪೆರಾಂಟೊವೇ ಗತಿ. ಇದು ನನಗೆ ಸ್ವಲ್ಪ ಚುಚ್ಚಿತು.)

ಇವರೆಲ್ಲರಲ್ಲಿ ನನ್ನನ್ನು ಬಿಡದೆ ಕಾಡುವವರು ರೋಮನ್ ಒಪಾಲ್ಕಾ. 1965ರಲ್ಲಿ ಕಪ್ಪು ಕ್ಯಾನ್ವಾಸಿನ ಎಡತುದಿಯಲ್ಲಿ ಸಣ್ಣ ಬ್ರಷ್ಷಿನಿಂದ ಬಿಳಿ ಬಣ್ಣದಲ್ಲಿ 1 ಎಂದು ಬರೆದರು. ಆಮೇಲೆ 2, 3, 4. ಆ ಸಾಲು ತುಂಬಿದ ಮೇಲೆ ಕೆಳಗಿನ ಸಾಲು, ಕ್ಯಾನ್ವಾಸ್ ತುಂಬಿದ ಮೇಲೆ ಅದೇ ಅಳತೆಯ ಇನ್ನೊಂದು ಕ್ಯಾನ್ವಾಸ್. 1972ರಿಂದ ಪ್ರತಿ ಹೊಸ ಕ್ಯಾನ್ವಾಸಿನ ಹಿನ್ನೆಲೆಗೆ ನೂರಕ್ಕೊಂದರಷ್ಟು ಬಿಳಿ ಬೆರೆಸುತ್ತ ಹೋದರು. ಕಪ್ಪು ಬೂದಿಯಾಯಿತು, ಬೂದಿ ಬೆಳ್ಳಗಾಯಿತು, ಕೊನೆಕೊನೆಗೆ ಬಿಳಿಯ ಮೇಲೆ ಬಿಳಿ. ಬರೆದದ್ದು ತನಗೇ ಕಾಣದಂತಾದಾಗ ಎಲ್ಲಿದ್ದೇನೆಂದು ತಿಳಿಯಲು ಆಸರೆಯಾದದ್ದು ದನಿ. ಪ್ರತಿ ಸಂಖ್ಯೆಯನ್ನೂ ಪೋಲಿಷ್ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. 2011ರಲ್ಲಿ ತೀರಿಕೊಂಡಾಗ ಮುಟ್ಟಿದ್ದ ಸಂಖ್ಯೆ 5607249. ಇದರಲ್ಲಿ 'ಅರ್ಥ' ಮಾಡಿಕೊಳ್ಳಲು ಏನಿದೆ? ಮಗುವಿಗೂ ತಿಳಿಯುತ್ತದೆ. ಆದರೂ ಆ ಒಂಬತ್ತರ ಮುಂದಿನ ಖಾಲಿ ಜಾಗವನ್ನು ಯೋಚಿಸಿದರೆ ನನಗೆ ಗಂಟಲು ಕಟ್ಟುತ್ತದೆ.

ಈ ಮೂವರ ಕೃತಿಗಳನ್ನೂ ನಾನು ಕಣ್ಣಾರೆ ಕಂಡದ್ದಕ್ಕಿಂತ ಕಿವಿಯಾರೆ ಕೇಳಿದ್ದು, ಓದಿದ್ದು ಹೆಚ್ಚು. ಸಮಕಾಲೀನ ಕಲೆಯಲ್ಲಿ ಇದೊಂದು ವಿಚಿತ್ರ. ಮಾರ್ಸೆಲ್ ದುಶಾಂ 1917ರಲ್ಲಿ ಪ್ರದರ್ಶನಕ್ಕೆ ಕಳುಹಿಸಿದ ಮೂತ್ರಪಾತ್ರೆಯ ಬಗ್ಗೆ ಕೇಳದವರಿಲ್ಲ, ಆದರೆ ಆ ಮೂಲ ಪಾತ್ರೆ ಆಗಲೇ ಕಳೆದುಹೋಗಿದೆ. ಮ್ಯೂಸಿಯಂಗಳಲ್ಲಿ ಇರುವುದು ಆಮೇಲೆ, ಮುಖ್ಯವಾಗಿ 1964ರಲ್ಲಿ, ಮಾಡಿಸಿದ ಪ್ರತಿಗಳು. ಕಲೆಯ ಒಂದು ಶತಮಾನವೇ ಇಲ್ಲದ ವಸ್ತುವಿನ ಸುತ್ತ ಮಾತಾಡಿದೆ. ಫೆಲಿಕ್ಸ್ ಗೊನ್ಸಾಲೆಸ್-ಟಾರೆಸ್ ಅವರ 1991ರ ಕೃತಿ ಇನ್ನೂ ಹತ್ತಿರದ್ದು. ಕೋಣೆಯ ಮೂಲೆಯಲ್ಲಿ ಬಣ್ಣಬಣ್ಣದ ಕಾಗದ ಸುತ್ತಿದ ಮಿಠಾಯಿಯ ರಾಶಿ, ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೊ. ಏಡ್ಸ್‌ನಿಂದ ಅದೇ ವರ್ಷ ತೀರಿಕೊಂಡ ಸಂಗಾತಿ ರಾಸ್ ಅವರ ನೆನಪಿನದು. ನೋಡಬಂದವರು ಒಂದೊಂದು ಮಿಠಾಯಿ ತೆಗೆದುಕೊಳ್ಳಬಹುದು. ರಾಶಿ ಕರಗುತ್ತದೆ, ಮ್ಯೂಸಿಯಂನವರು ಮತ್ತೆ ತುಂಬಬಹುದು. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಳೆದದ್ದು ಮರಣವಲ್ಲ, ಬಾಯಿ. ಒಬ್ಬನ ತೂಕದ ಒಂದು ಚೂರು ಇನ್ನೊಬ್ಬರ ನಾಲಿಗೆಯ ಮೇಲೆ ಸಿಹಿಯಾಗಿ ಕರಗುವುದು. ಆ ಮಿಠಾಯಿ ನನಗೆ ಸಿಕ್ಕಿದ್ದರೆ ತಿನ್ನುತ್ತಿದ್ದೆನೋ, ಕಾಗದ ಬಿಚ್ಚದೆ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆನೋ, ಇನ್ನೂ ತೀರ್ಮಾನಿಸಿಲ್ಲ.

ವಿಡಿಯೊ ಕೃತಿಗಳೊಡನೆ ಮಾತ್ರ ನನ್ನ ಜಗಳ ಮುಗಿಯುವಂತೆ ಕಾಣುವುದಿಲ್ಲ. ಕಪ್ಪು ಪರದೆ ಸರಿಸಿ ಒಳಗೆ ಹೋದರೆ ಯಾರದೋ ಮೊಣಕಾಲಿಗೆ ಡಿಕ್ಕಿ. ಶುರುವಾಗಿ ಎಷ್ಟು ಹೊತ್ತಾಯಿತೋ, ಇನ್ನೆಷ್ಟಿದೆಯೋ. 47 ನಿಮಿಷದ ಚಿತ್ರಕ್ಕೆ ಬೆನ್ನಾಸರೆ ಇಲ್ಲದ ಒಂದೇ ಬೆಂಚು. ಹೆಡ್‌ಫೋನ್ ಎರಡು, ಅದರಲ್ಲಿ ಒಂದು ಕೆಟ್ಟಿರುತ್ತದೆ. ಕ್ರಿಶ್ಚಿಯನ್ ಮಾರ್ಕ್ಲೇ 2010ರಲ್ಲಿ ಮಾಡಿದ್ದು ಸಿನಿಮಾ ತುಣುಕುಗಳನ್ನೇ ಹೆಣೆದ 24 ಗಂಟೆಗಳ ಕೃತಿ. ತೆರೆಯ ಮೇಲೆ ಗಡಿಯಾರ ತೋರಿಸುವ ಹೊತ್ತು ಹೊರಗಿನ ಹೊತ್ತಿಗೆ ಸರಿಯಾಗಿ ಹೊಂದುತ್ತದೆ. ಅದಕ್ಕೆ ಅವರು ಕೂರಲು ಸೋಫಾಗಳನ್ನು ಹಾಕಿಸಿದರು. ನನ್ನ ದೃಷ್ಟಿಯಲ್ಲಿ ಅದೂ ಆ ಕೃತಿಯ ಒಂದು ಭಾಗವೇ. ನೋಡುವವರಿಗೂ ಸೊಂಟವಿದೆ ಎಂದು ನೆನಪಿಟ್ಟುಕೊಂಡ ಕಲಾವಿದರು ಕಡಿಮೆ.

ಶಬ್ದದ ಕೃತಿಗಳು ಬೇರೆ ಜಾತಿ. ಅಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದೇ ಗೊತ್ತಾಗುವುದಿಲ್ಲ, ಅದೇ ಅದರ ಬಲ. ಶಿಲ್ಪಾ ಗುಪ್ತಾ 2017-18ರಲ್ಲಿ ಮಾಡಿದ ಒಂದು ಕೃತಿಯಲ್ಲಿ ನೂರು ಲೋಹದ ಮುಳ್ಳುಗಳು, ಪ್ರತಿಯೊಂದಕ್ಕೂ ಚುಚ್ಚಿದ ಒಂದು ಹಾಳೆ, ಹಾಳೆಯ ಮೇಲೆ ಕವಿತೆಯ ಸಾಲು, ಮೇಲಿಂದ ಇಳಿಬಿದ್ದ ಒಂದು ಮೈಕ್. ಬರೆದದ್ದಕ್ಕೋ ನಂಬಿದ್ದಕ್ಕೋ ಬೇರೆ ಬೇರೆ ಕಾಲದಲ್ಲಿ ಸೆರೆಮನೆ ಕಂಡ ನೂರು ಕವಿಗಳ ಸಾಲುಗಳವು. ಮೈಕುಗಳು ಇಲ್ಲಿ ನಮ್ಮ ಮಾತು ಕೇಳಿಸಿಕೊಳ್ಳುವುದಿಲ್ಲ, ಅವೇ ಮಾತಾಡುತ್ತವೆ. ಒಂದು ಹೇಳಿದ್ದನ್ನು ಉಳಿದವು ಒಟ್ಟಾಗಿ ಮರುನುಡಿಯುತ್ತವೆ. ಭಾಷೆ ತಿಳಿಯದ ಸಾಲೂ ಅಷ್ಟು ಬಾಯಿಂದ ಬಂದಾಗ ಬೆನ್ನಿಗೆ ತಾಗುತ್ತದೆ. ಎದುರಿಗೆ ನಿಂತು ನೋಡುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಾಳೆಗಳ ನಡುವೆ, ಮುಳ್ಳು ತಾಗದಂತೆ ಮೈ ಹಿಡಿದುಕೊಂಡು ನಡೆಯಬೇಕು.

ಫೋನಿನ ವಿಷಯಕ್ಕೆ ನಾನು ಹೆಚ್ಚು ಹೋಗುವುದಿಲ್ಲ. ಮ್ಯೂಸಿಯಂ ಸುತ್ತಿದವರಲ್ಲಿ ಫೋಟೋ ತೆಗೆದುಕೊಂಡ ವಸ್ತುಗಳು ಸುಮ್ಮನೆ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿದ್ದವು ಎಂದು ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ತೋರಿಸಿದ್ದಾರೆ. ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ಮಾತ್ರ ಆ ನಷ್ಟ ಆಗಲಿಲ್ಲವಂತೆ. ನನ್ನ ಫೋನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲಾಕೃತಿಗಳಿವೆ. ಸೂಜಿ ಚುಚ್ಚಿದ ಆ ಹಾಳೆಯದು ಮಾತ್ರ ಇಲ್ಲ. ತೆಗೆದಿದ್ದರೂ ಬಿಳಿಯೇ ಬರುತ್ತಿತ್ತು.

ಕಳೆದ ಸಲ ಬಕೆಟ್ಟಿನ ಗ್ಯಾಲರಿಗೆ ಹೋದಾಗ ಒಂದು ದಿನ ತಡವಾಗಿತ್ತು. ಪ್ರದರ್ಶನ ಹಿಂದಿನ ಸಂಜೆಯೇ ಮುಗಿದಿತ್ತು. ಬಾಗಿಲು ತೆರೆದಿದ್ದುದರಿಂದ ಒಳಗೆ ಇಣುಕಿದೆ. ಒಬ್ಬರು ಏಣಿಯ ಮೇಲೆ ನಿಂತು ಮೊಳೆಯ ತೂತುಗಳಿಗೆ ಪುಟ್ಟಿ ತುಂಬುತ್ತಿದ್ದರು. ತುಂಬಿ, ಒಣಗಿದ ಕಡೆ ಉಪ್ಪುಕಾಗದದಿಂದ ಉಜ್ಜಿ, ಮೇಲೆ ರೋಲರ್ ಹಾಯಿಸುತ್ತಿದ್ದರು. ಲಂಡನ್ನಿನ ಕಲಾ ಮ್ಯೂಸಿಯಂ ಟೇಟ್ ಮಾಡರ್ನ್‌ನಲ್ಲಿ ಕಲಾವಿದೆ ಡೊರಿಸ್ ಸಾಲ್ಸೆಡೊ 2007ರಲ್ಲಿ ಕಾಂಕ್ರೀಟ್ ನೆಲಕ್ಕೆ 167 ಮೀಟರ್ ಉದ್ದದ ಬಿರುಕು ಮಾಡಿದ್ದರು. ಪ್ರದರ್ಶನ ಮುಗಿದ ಮೇಲೆ ಅದನ್ನು ತುಂಬಿಸಿದರು, ಆದರೆ ಗಾಯದ ಗೆರೆ ನೆಲದ ಮೇಲೆ ಉಳಿದೇ ಇದೆ. ಇಲ್ಲಿ ಈ ಮನುಷ್ಯ ಗೆರೆ ಕೂಡ ಉಳಿಯಲು ಬಿಡುವವರಲ್ಲ.

"ಎಲ್ಲ ಇಳಿಸಿಬಿಟ್ಟಿದಾರೆ ಮೇಡಂ, ನೋಡೋಕೆ ಏನಿಲ್ಲ" ಅಂದರು.

"ಪರವಾಗಿಲ್ಲ, ನಿಮ್ಮ ಕೆಲಸ ನೋಡ್ತೀನಿ" ಅಂದೆ. ಅವರಿಗೆ ಅದು ತಮಾಷೆ ಅನಿಸಿರಬೇಕು, ಭುಜ ಕುಣಿಸಿ ಮತ್ತೆ ಕೆಲಸಕ್ಕೆ ತಿರುಗಿದರು.

ಹಸಿ ಬಿಳಿ ಮೊದಲು ತುಸು ಬೂದಿಯಾಗಿ ಹೊಳೆಯುತ್ತದೆ, ಒಣಗುತ್ತ ಒಣಗುತ್ತ ಪಕ್ಕದ ಬಿಳಿಯನ್ನು ಸೇರುತ್ತದೆ. ಅದು ಸೇರುವ ಅಂಚು ಯಾವುದೆಂದು ನೋಡುತ್ತ ಎಷ್ಟು ಹೊತ್ತು ನಿಂತೆನೋ. ಒಂದು ಕಡೆ ಪುಟ್ಟಿ ತುಂಬಿದ ಜಾಗ ಕೂದಲೆಳೆಯಷ್ಟು ಉಬ್ಬಿತ್ತು, ಓರೆಯಿಂದ ನೋಡಿದರೆ ಮಾತ್ರ ಕಾಣುವಷ್ಟು. ಹೌದೋ ಅಲ್ಲವೋ ಎಂದು ಬೆರಳು ಚಾಚಿದೆ.

"ಮುಟ್ಟಬೇಡಿ ಮೇಡಂ" ಅಂದರು ಏಣಿಯ ಮೇಲಿಂದ. "ಹಸಿ ಇದೆ."